ಮೊದಲು ನೋಡು, ಆಮೇಲೆ ಹೆಸರು ಹೇಳು: ಹರಳಿನ ವಿದ್ಯೆ ಕಲಿತ ಅನುಭವ

ಹರಳುಗಳ ಬಗ್ಗೆ ಓದಲು ಸೇರಿದ್ದೇನೆ ಅಂದಾಗ ಮನೆಯವರು, ನೆಂಟರು ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಯಾವ ರಾಶಿಗೆ ಯಾವ ಕಲ್ಲು ಅಂತ ಹೇಳ್ತೀಯಾ ಹಾಗಾದ್ರೆ?" ಅವರು ಹಾಗೆ ಕೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮಲ್ಲಿ ಬಹಳ ಜನಕ್ಕೆ ಹರಳಿನ ಪರಿಚಯ ಆಗುವುದೇ ಜೋಯಿಸರು ಉಂಗುರ ಹಾಕಿಕೋ ಅಂದ ಮೇಲೆ.

ನಾನು ಸೇರಿದ್ದು ಬೇರೆ ಕಾರಣಕ್ಕೆ. ಬಿ.ಕಾಂ. ಮುಗಿಸಿ ಒಂದು ಆಭರಣದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಚಿನ್ನದ ಲೆಕ್ಕ ಅರ್ಥವಾಗುತ್ತಿತ್ತು. ತೂಕ, ಆ ದಿನದ ದರ, ಕೂಲಿ, ವೇಸ್ಟೇಜ್, ಅಷ್ಟೇ. ಕಲ್ಲಿನ ಸರದಿ ಬಂದರೆ ಮಾತ್ರ ಬಿಲ್ಲಿನಲ್ಲಿ ‘ಸ್ಟೋನ್ ಚಾರ್ಜ್’ ಅಂತ ಒಂದೇ ಸಾಲು, ಮುಂದೆ ಒಂದು ಮೊತ್ತ. ಯಾವ ಕಲ್ಲು, ಎಷ್ಟು ತೂಕ, ಅದಕ್ಕೆ ಏನಾದರೂ ಮಾಡಿದ್ದಾರಾ, ಯಾವುದೂ ಇರುತ್ತಿರಲಿಲ್ಲ. ಕೊಳ್ಳುವವರೂ ಕೇಳುತ್ತಿರಲಿಲ್ಲ. ಬಿಐಎಸ್ ಹಾಲ್‌ಮಾರ್ಕ್ ಇದೆಯಲ್ಲ ಅಂತ ನೆಮ್ಮದಿಯಿಂದ ಹೋಗುತ್ತಿದ್ದರು. ಆ ಮುದ್ರೆ ಚಿನ್ನದ ಶುದ್ಧತೆಗೆ ಮಾತ್ರ, ಕಲ್ಲಿಗೆ ಅದು ಏನೂ ಹೇಳುವುದಿಲ್ಲ. ಆ ಒಂದು ಸಾಲಿನ ಹಿಂದೆ ಏನಿದೆ ಅಂತ ತಿಳಿಯಬೇಕು ಅನ್ನಿಸಿತು.

ತರಗತಿ ಕಮರ್ಷಿಯಲ್ ಸ್ಟ್ರೀಟ್ ಹತ್ತಿರ. ವಿಜ್ಞಾನ ಓದಿರಲೇಬೇಕು ಅಂತೇನೂ ಇರಲಿಲ್ಲ. ಚಿಕ್ಕಪೇಟೆಯ ಅಂಗಡಿಗಳ ಹುಡುಗರಿದ್ದರು, ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದವರೊಬ್ಬರಿದ್ದರು, ದಾವಣಗೆರೆ ಕಡೆಯ ಅಕ್ಕಸಾಲಿಗರ ಮನೆಯ ಹುಡುಗನಿದ್ದ. ಅವನಿಗೆ ಎಷ್ಟು ಚಿಕ್ಕ ಕಲ್ಲನ್ನಾದರೂ ಅಲುಗಾಡದ ಹಾಗೆ ಕೂರಿಸಲು ಬರುತ್ತಿತ್ತು. ಕೂರಿಸಿದ ಕಲ್ಲು ಯಾವುದು ಅಂತ ತಿಳಿಯಲು ಅವನೂ ಬಂದಿದ್ದ.

ಮೇಡಂ ಮೊದಲು ಕೈಗೆ ಕೊಟ್ಟಿದ್ದು ಲೂಪ್. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಮಸೂರ. ಇದನ್ನು ಹಿಡಿಯುವುದಕ್ಕೂ ಒಂದು ಕ್ರಮವಿದೆ. ಹರಳನ್ನು ಮೊದಲು ಬಟ್ಟೆಯಿಂದ ಒರೆಸಬೇಕು, ಇಲ್ಲದಿದ್ದರೆ ಮೇಲಿನ ದೂಳೇ ಒಳಗಿನ ಚುಕ್ಕೆಯ ಹಾಗೆ ಕಾಣುತ್ತದೆ. ಲೂಪ್ ಕಣ್ಣಿಗೆ ತಾಗುವಷ್ಟು ಹತ್ತಿರ ಇರಬೇಕು. ಚಿಮುಟದಲ್ಲಿ ಹಿಡಿದ ಹರಳು ಅದರಿಂದ ಸುಮಾರು ಒಂದು ಅಂಗುಲ ದೂರ. ಎರಡೂ ಮೊಣಕೈ ಮೇಜಿನ ಮೇಲೆ, ಒಂದು ಕೈ ಇನ್ನೊಂದಕ್ಕೆ ಆನಿಕೊಂಡಿರಬೇಕು, ಆಗಲೇ ನಡುಕ ನಿಲ್ಲುವುದು. ಎರಡೂ ಕಣ್ಣು ತೆರೆದಿರಬೇಕು, ಒಂದು ಮುಚ್ಚಿದರೆ ಸ್ವಲ್ಪ ಹೊತ್ತಿಗೇ ತಲೆನೋವು. ಬೆಳಕು ಪಕ್ಕದಿಂದ ಬೀಳಬೇಕು. ಇಷ್ಟೆಲ್ಲ ಕೂಡಿಬಂದ ಕ್ಷಣ ಹರಳಿನ ಒಳಗೆ ಒಂದು ಜಾಗ ತೆರೆದುಕೊಳ್ಳುತ್ತದೆ. ಅಲ್ಲಿಯತನಕ ಸುಮ್ನೆ ಕೆಂಪಾಗಿ ಹೊಳೆಯುತ್ತಿದ್ದ ಕಲ್ಲಿನಲ್ಲಿ ಸೂಜಿಗಳು, ಗೆರೆಗಳು, ಬೆರಳಚ್ಚಿನಂಥ ಗುರುತುಗಳು. ಅವನ್ನು ನೋಡುತ್ತಾ ಕೂತರೆ ಊಟದ ಹೊತ್ತು ಮರೆತುಹೋಗುತ್ತಿತ್ತು, ನಿಜವಾಗಿ.

ಅಭ್ಯಾಸಕ್ಕೆ ಕೊಟ್ಟ ಹಾಳೆಯಲ್ಲಿ ಹರಳಿನ ಹೆಸರು ಬರೆಯುವ ಜಾಗ ಎಲ್ಲಕ್ಕಿಂತ ಕೆಳಗಿತ್ತು. ಮೇಲೆ ಬಣ್ಣ, ತೂಕ, ಆಕಾರ, ಹೊಳಪು, ಒಳಗೆ ಕಂಡದ್ದು, ಉಪಕರಣ ತೋರಿಸಿದ ಸಂಖ್ಯೆ. "ಹೆಸರು ಮೊದಲೇ ತಲೆಗೆ ಬಂದ್ರೆ ಕಣ್ಣು ಅದನ್ನೇ ಹುಡುಕುತ್ತೆ, ಬೇರೇದು ಕಾಣಲ್ಲ" ಅನ್ನುತ್ತಿದ್ದರು ಮೇಡಂ. ನನ್ನ ಮಟ್ಟಿಗೆ ಇಡೀ ವಿದ್ಯೆ ಇದರಲ್ಲೇ ಇದೆ. ಕಂಡದ್ದನ್ನು ಬರೆ, ಅಳೆ, ಕೊನೆಗೆ ಹೆಸರು ಹೇಳು.

ಕೆಂಪು ಕಲ್ಲುಗಳ ತಟ್ಟೆ ಬಂದಾಗ ಇದು ಎಷ್ಟು ಮುಖ್ಯ ಅಂತ ಗೊತ್ತಾಯಿತು. ಮಾಣಿಕ್ಯ, ಸ್ಪಿನೆಲ್, ಗಾರ್ನೆಟ್, ಕೆಂಪು ಟೂರ್ಮಲಿನ್, ಗಾಜು. ಬರಿಗಣ್ಣಿಗೆ ಎಲ್ಲವೂ ಒಂದೇ ಮನೆಯವು. ಇಲ್ಲಿ ಕೈಹಿಡಿಯುವುದು ರಿಫ್ರ್ಯಾಕ್ಟೋಮೀಟರ್. ಚಿಕ್ಕ ಪೆಟ್ಟಿಗೆ, ಮೇಲೆ ಒಂದು ಪುಟ್ಟ ಗಾಜು. ಅದರ ಮೇಲೆ ಗುಂಡುಸೂಜಿಯ ತಲೆಯಷ್ಟು ದ್ರವ ಬಿಟ್ಟು ಹರಳಿನ ಅಗಲ ಮುಖವನ್ನು ಕೆಳಗೆ ಮಾಡಿ ಇಡಬೇಕು. ದ್ರವದ ವಾಸನೆ ಕೆಟ್ಟದು, ಕೈಗೆ ತಾಗಿದರೆ ತೊಳೆಯಬೇಕು. ಕಣ್ಣಿಟ್ಟು ನೋಡಿದರೆ ಒಳಗೆ ಅಳತೆಪಟ್ಟಿ, ಅರ್ಧ ಕತ್ತಲು, ಅರ್ಧ ಬೆಳಕು. ಎರಡೂ ಸೇರುವ ಗೆರೆ ಎಲ್ಲಿದೆಯೋ ಅದೇ ಆ ಹರಳಿನ ವಕ್ರೀಭವನ ಸೂಚ್ಯಂಕ. ಬೆಳಕು ಅದರೊಳಗೆ ಎಷ್ಟು ನಿಧಾನವಾಗುತ್ತದೆ ಅನ್ನುವುದರ ಲೆಕ್ಕ. ಮಾಣಿಕ್ಯಕ್ಕೆ ಎರಡು ಗೆರೆ, 1.762 ಮತ್ತು 1.770ರ ಹತ್ತಿರ. ಸ್ಪಿನೆಲ್‌ಗೆ ಒಂದೇ ಗೆರೆ, 1.718. ಗಾರ್ನೆಟ್ ಕೆಲವು ಸಲ ಮಾಣಿಕ್ಯದ ಪಕ್ಕಕ್ಕೇ ಬಂದು ನಿಲ್ಲುತ್ತದೆ, ಆದರೆ ಗೆರೆ ಒಂದೇ. ಹರಳನ್ನು ಅಲ್ಲೇ ಮೆಲ್ಲಗೆ ತಿರುಗಿಸುತ್ತಾ ಗೆರೆ ಎರಡಾಗಿ ಒಡೆಯುವುದನ್ನು ಕಂಡಾಗ ಆಗುವ ಖುಷಿ ಬೇರೆಯೇ.

ಬ್ರಿಟನ್ನಿನ ರಾಜಕಿರೀಟದ ಮುಂಭಾಗದಲ್ಲಿರುವ ದೊಡ್ಡ ಕೆಂಪು ಕಲ್ಲನ್ನು ಶತಮಾನಗಳ ಕಾಲ ಮಾಣಿಕ್ಯ ಅಂತಲೇ ನಂಬಿದ್ದರು. ಇವತ್ತಿಗೂ ಅದರ ಹೆಸರು ಬ್ಲ್ಯಾಕ್ ಪ್ರಿನ್ಸ್ ರೂಬಿ. ಅದು ಸ್ಪಿನೆಲ್. ಹಾಗಂತ ಅದರ ಚೆಲುವು ಒಂದಿಷ್ಟೂ ಕಡಿಮೆಯಾಗಿಲ್ಲ. ಒಳ್ಳೆಯ ಸ್ಪಿನೆಲ್ ಅನ್ನು ಸ್ಪಿನೆಲ್ ಅಂತಲೇ ಹೇಳಿ ಮಾರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ತೂಕದಿಂದಲೂ ಹರಳನ್ನು ಗುರುತಿಸಬಹುದು. ಗಾಳಿಯಲ್ಲಿ ಒಮ್ಮೆ ತೂಗು, ನೀರಿನಲ್ಲಿ ಮುಳುಗಿಸಿ ಮತ್ತೊಮ್ಮೆ ತೂಗು. 4 ಕ್ಯಾರೆಟ್‌ನ ಮಾಣಿಕ್ಯ ನೀರಿನಲ್ಲಿ ಸುಮಾರು 3 ಕ್ಯಾರೆಟ್ ತೂಗುತ್ತದೆ, ಯಾಕೆಂದರೆ ಅದು ನೀರಿಗಿಂತ 4 ಪಟ್ಟು ಸಾಂದ್ರ. ಸ್ಫಟಿಕದ ಜಾತಿ 2.65 ಪಟ್ಟು ಅಷ್ಟೇ. ಕನಕಪುಷ್ಯರಾಗ ಕೊಳ್ಳುವವರು ಇದನ್ನು ತಿಳಿದಿರಬೇಕು. ಅದು ಹಳದಿ ನೀಲಮಣಿ, ಅಂದರೆ ಮಾಣಿಕ್ಯದ ಒಡಹುಟ್ಟು. ಎರಡೂ ಕೊರಂಡಮ್ ಅನ್ನುವ ಒಂದೇ ಖನಿಜ. ಕ್ರೋಮಿಯಂ ಸೇರಿದರೆ ಕೆಂಪು, ಕಬ್ಬಿಣ ಮತ್ತು ಟೈಟಾನಿಯಂ ಜೊತೆಯಾದರೆ ನೀಲಿ. ಪೇಟೆಯಲ್ಲಿ ‘ಗೋಲ್ಡನ್ ಟೋಪಾಜ್’ ಅಂತ ಕೊಡುವುದು ಎಷ್ಟೋ ಸಲ ಸಿಟ್ರಿನ್, ಸ್ಫಟಿಕದ ಜಾತಿಯದು. ನೋಡಲು ಚೆಂದವೇ, ಬೆಲೆ ಮಾತ್ರ ಬಹಳ ಕಡಿಮೆ. ರಿಫ್ರ್ಯಾಕ್ಟೋಮೀಟರ್ ಮೇಲಿಟ್ಟರೆ ಸಿಟ್ರಿನ್ 1.55ರ ಹತ್ತಿರ, ಟೋಪಾಜ್ 1.62ರ ಹತ್ತಿರ, ಕನಕಪುಷ್ಯರಾಗ 1.76. ಒಂದು ನಿಮಿಷದ ಕೆಲಸ.

ನನಗೆ ಎಲ್ಲಕ್ಕಿಂತ ಇಷ್ಟವಾದ ಕಲ್ಲು ಗೋಮೇಧಿಕ. ಲೂಪ್‌ನಲ್ಲಿ ನೋಡಿದರೆ ಬೆಲ್ಲದ ಪಾಕ ನೀರಿಗೆ ಬಿಟ್ಟಾಗ ಏಳುವ ಅಲೆಗಳ ಹಾಗೆ ಒಳಗೆಲ್ಲ ಸುಳಿಸುಳಿ. ಆ ಸುಳಿಯೇ ಅದರ ಗುರುತು. ಅದರ ಜಾಗದಲ್ಲಿ ದುಂಡಗಿನ ಗುಳ್ಳೆಗಳು ಕಂಡರೆ ಗಾಜು ಅಂತ ಅನುಮಾನ ಪಡಬೇಕು.

ಕೃತಕ ಮಾಣಿಕ್ಯ ಹೊಸ ಕಾಲದ್ದು ಅಂದುಕೊಂಡವರು ಬಹಳ. ಫ್ರಾನ್ಸಿನ ಅಗಸ್ಟ್ ವರ್ನ್ಯೂಯಿ ಅನ್ನುವ ರಸಾಯನ ವಿಜ್ಞಾನಿ ತನ್ನ ವಿಧಾನವನ್ನು 1902ರಲ್ಲೇ ಪ್ರಕಟಿಸಿದ. ಅಲ್ಯೂಮಿನಾ ಪುಡಿಯನ್ನು ಉರಿಯುವ ಜ್ವಾಲೆಯ ಮೂಲಕ ಉದುರಿಸಿ, ಕರಗಿ ಬಿದ್ದದ್ದನ್ನು ಪದರ ಪದರವಾಗಿ ಬೆಳೆಸುವುದು. ಬೆಂಗಳೂರಿನ ಎಚ್‌ಎಂಟಿ ಕಾರ್ಖಾನೆಯ ಕೈಗಡಿಯಾರಗಳ ಮೇಲೆ ‘17 ಜ್ಯುವೆಲ್ಸ್’ ಅಂತ ಬರೆದಿರುತ್ತಿತ್ತಲ್ಲ, ಆ ಜ್ಯುವೆಲ್ ಅಂದರೆ ಚಕ್ರಗಳ ಮೊನೆ ಸವೆಯದ ಹಾಗೆ ಕೂರಿಸಿದ ಇದೇ ಕೃತಕ ಮಾಣಿಕ್ಯ. ಹಾಗಾಗಿ ಅಜ್ಜಿಯ ಕೆಂಪಿನೋಲೆ ಹಳೆಯದು ಅಂದ ಮಾತ್ರಕ್ಕೆ ಅದರ ಕೆಂಪು ನೆಲದಿಂದ ಬಂದದ್ದು ಅಂತ ಹೇಳಲಾಗುವುದಿಲ್ಲ. ನೆಲದಲ್ಲಿ ಬೆಳೆದ ಹರಳಿನ ಬೆಳವಣಿಗೆಯ ಗೆರೆಗಳು ನೇರ, ಕೋನಕೋನವಾಗಿ ತಿರುಗುತ್ತವೆ. ವರ್ನ್ಯೂಯಿ ಹರಳಿನಲ್ಲಿ ಅವು ಬಾಗಿರುತ್ತವೆ. ಇಷ್ಟೇ ವ್ಯತ್ಯಾಸ, ಆದರೆ ಹುಡುಕುವುದು ಸುಲಭವಲ್ಲ. ಬೆಳಕಿನ ಕೋನ ಬದಲಿಸುತ್ತಾ ತಾಳ್ಮೆಯಿಂದ ತಿರುಗಿಸಬೇಕು.

ಬೆಂಗಳೂರಿನಲ್ಲಿ ಹರಳು ಕಲಿಯುವವರು ಸಿ.ವಿ. ರಾಮನ್ ಅವರನ್ನು ನೆನೆಯದೆ ಇರಲಾಗದು. 1928ರಲ್ಲಿ ಅವರು ಕಂಡುಕೊಂಡ ರಾಮನ್ ಪರಿಣಾಮವೇ ಇವತ್ತು ದೊಡ್ಡ ಲ್ಯಾಬ್‌ಗಳಲ್ಲಿ ಹರಳು ಗುರುತಿಸುವ ಸಾಧನ. ಲೇಸರ್ ಬೆಳಕು ಬಿಟ್ಟು, ಚದುರಿ ಬಂದ ಬೆಳಕನ್ನು ಅಳೆದರೆ ಪ್ರತಿ ಖನಿಜಕ್ಕೂ ಅದರದೇ ಸಹಿ ಸಿಗುತ್ತದೆ. ವಜ್ರದ ಸಹಿ ಆ ಅಳತೆಪಟ್ಟಿಯಲ್ಲಿ 1332 cm⁻¹ ಅನ್ನುವ ಜಾಗದಲ್ಲಿ ಎದ್ದುನಿಲ್ಲುವ ಒಂದು ಗೆರೆ. ರಾಮನ್ ಸ್ವತಃ ವಜ್ರಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು. ಮುತ್ತು, ಓಪಲ್, ಲ್ಯಾಬ್ರಡೊರೈಟ್‌ಗಳ ಬಣ್ಣ ಎಲ್ಲಿಂದ ಬರುತ್ತದೆ ಅಂತ ಹುಡುಕಿದವರು. 1948ರಲ್ಲಿ ಮೇಖ್ರಿ ಸರ್ಕಲ್ ಹತ್ತಿರ ಅವರು ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಅವರು ಕೂಡಿಟ್ಟ ಹರಳು, ಖನಿಜ, ಚಿಪ್ಪುಗಳ ಸಂಗ್ರಹ ಇದೆ. ಮೇಖ್ರಿ ಸರ್ಕಲ್ ಟ್ರಾಫಿಕ್‌ನಲ್ಲಿ ನಿಂತಾಗಲೆಲ್ಲ ನನಗೆ ಆ ಸಂಗ್ರಹದ ನೆನಪಾಗುತ್ತದೆ.

ಹರಳು ಅಂದರೆ ಬರ್ಮಾ, ಸಿಲೋನ್ ಅನ್ನುವವರಿಗೆ ನಮ್ಮ ಮೈಸೂರು ಸೀಮೆಯ ಸ್ಟಾರ್ ರೂಬಿ ತೋರಿಸಬೇಕು. ನೇರಳೆ ಮಿಶ್ರಿತ ಕೆಂಪು, ಬೆಳಕು ಹಾಯದ ಕಲ್ಲು. ಗುಮ್ಮಟದ ಆಕಾರಕ್ಕೆ ಉಜ್ಜಿ ಒಂದೇ ದೀಪದ ಕೆಳಗಿಟ್ಟರೆ ಆರು ಕಿರಣಗಳ ನಕ್ಷತ್ರ ಮೇಲೆ ತೇಲುತ್ತದೆ. ಒಳಗೆ ಮೂರು ದಿಕ್ಕಿಗೆ ಸಾಲಾಗಿ ನಿಂತ ಸೂಕ್ಷ್ಮ ಸೂಜಿಗಳು ಬೆಳಕನ್ನು ಹಿಂದಕ್ಕೆ ಎಸೆಯುವುದರಿಂದ ಆಗುವುದು ಅದು. ಬೆಲೆ ಜಾಸ್ತಿಯಿಲ್ಲ, ನನ್ನ ಪ್ರೀತಿ ಜಾಸ್ತಿ.

ಇಷ್ಟರತನಕ ‘ಇದು ಏನು’ ಅನ್ನುವ ಪಾಠ. ಅದಕ್ಕಿಂತ ಕಷ್ಟದ್ದು ‘ಇದಕ್ಕೆ ಏನು ಮಾಡಿದ್ದಾರೆ’ ಅನ್ನುವುದು. ಗಾಜು ತುಂಬಿದ ಮಾಣಿಕ್ಯ ಕೈಗೆ ಬಂದ ದಿನ ತರಗತಿಯಲ್ಲಿ ಎಲ್ಲರೂ ಗಂಭೀರವಾದರು. ಸುಮಾರು 2004ರಿಂದ ಪೇಟೆಗೆ ಬಂದ ಮಾಲು ಇದು. ಬಿರುಕುಗಳಿಂದ ತುಂಬಿದ, ಒಡವೆಗೆ ಲಾಯಕ್ಕಿಲ್ಲದ ಮಾಣಿಕ್ಯದ ಕಲ್ಲನ್ನು ತೆಗೆದುಕೊಂಡು ಸೀಸ ಬೆರೆಸಿದ ಗಾಜನ್ನು ಕರಗಿಸಿ ಬಿರುಕಿನೊಳಗೆ ಇಳಿಸುತ್ತಾರೆ. ಆ ಗಾಜು ಬೆಳಕನ್ನು ಬಾಗಿಸುವ ರೀತಿ ಹೆಚ್ಚುಕಮ್ಮಿ ಮಾಣಿಕ್ಯದಂತೆಯೇ ಇರುವುದರಿಂದ ಬಿರುಕು ಮಾಯ. ರಿಫ್ರ್ಯಾಕ್ಟೋಮೀಟರ್ ಮೇಲಿಟ್ಟರೆ ಮಾಣಿಕ್ಯದ್ದೇ ಸಂಖ್ಯೆ ತೋರಿಸುತ್ತದೆ. ಅದು ಸುಳ್ಳೂ ಅಲ್ಲ. ಆಮೇಲೆ ಲೂಪ್ ಹಿಡಿದು ಹರಳನ್ನು ಮೆಲ್ಲಗೆ ಓಲಾಡಿಸಿದರೆ ಒಂದು ಕೋನದಲ್ಲಿ ಬಿರುಕಿನ ಉದ್ದಕ್ಕೂ ನೀಲಿ ಮಿಂಚು ಹಾದುಹೋಗುತ್ತದೆ. ಅಲ್ಲಲ್ಲಿ ಚಪ್ಪಟೆಯಾದ ಗುಳ್ಳೆಗಳು. ಒಮ್ಮೆ ಕಂಡರೆ ಜೀವಮಾನದಲ್ಲಿ ಮರೆಯುವುದಿಲ್ಲ.

ಇಂಥ ಕಲ್ಲಿನ ಉಂಗುರವನ್ನು ಗೊತ್ತಿಲ್ಲದೆ ಸೈಜ್ ಮಾಡಲು ಕೊಟ್ಟರೆ ಅಕ್ಕಸಾಲಿಗನ ಬೆಂಕಿಗೆ ಗಾಜು ಹಾಳಾಗುತ್ತದೆ. ತೊಳೆಯುವ ಆಸಿಡ್‌ಗೂ ಅಷ್ಟೇ. ನಿಂಬೆರಸ ತಗುಲುತ್ತಿದ್ದರೂ ಕೆಡಬಹುದು. ನಮ್ಮ ದಾವಣಗೆರೆ ಹುಡುಗ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಕಲ್ಲು ಒಡೆದರೆ ಬೈಸಿಕೊಳ್ಳುವುದು ಕೂರಿಸಿದವನೇ ಅಲ್ವಾ.

ಕಲ್ಲಿಗೆ ಸಂಸ್ಕಾರ (ಟ್ರೀಟ್‌ಮೆಂಟ್) ಮಾಡಿದ್ದೆಲ್ಲ ಮೋಸವಲ್ಲ ಅನ್ನುವುದನ್ನೂ ಹೇಳಬೇಕು. ಪೇಟೆಯಲ್ಲಿರುವ ಮಾಣಿಕ್ಯ, ನೀಲಗಳಲ್ಲಿ ಬಹುಪಾಲು ಬಿಸಿ ಮಾಡಿದವು. ಬಣ್ಣ ತಿಳಿಯಾಗುತ್ತದೆ, ಮತ್ತೆ ಹಿಂದಕ್ಕೆ ಹೋಗುವುದಿಲ್ಲ. ಪಚ್ಚೆಗೆ ಎಣ್ಣೆ ಹಾಕುವುದು ಹಳೆಯ ರೂಢಿ. ಪಚ್ಚೆಯ ಒಡವೆಯನ್ನು ಅಲ್ಟ್ರಾಸಾನಿಕ್ ಯಂತ್ರದಲ್ಲಿ ತೊಳೆಯಬಾರದು ಅನ್ನುವುದಕ್ಕೆ ಆ ಎಣ್ಣೆಯೂ ಒಂದು ಕಾರಣ. ಏನು ಮಾಡಿದ್ದಾರೋ ಅದನ್ನು ಕೊಳ್ಳುವವರಿಗೆ ಬಾಯಿಬಿಟ್ಟು ಹೇಳಬೇಕು, ಬಿಲ್ಲಿನಲ್ಲಿ ಬರೆಯಬೇಕು. ನನ್ನ ತಕರಾರು ಇರುವುದು ಹೇಳದೆ ಮಾರುವುದರ ಮೇಲೆ.

ಕೋರ್ಸ್ ಮುಗಿದ ಮೇಲೆ ನಗರ್ತಪೇಟೆಯ ಒಂದು ಹಳೆಯ ಅಂಗಡಿಯಲ್ಲಿ ಕಲಿಯಲು ಕೂತೆ. ಲ್ಯಾಬ್‌ನಲ್ಲಿ ಕಲ್ಲು ಒಂದೊಂದಾಗಿ ಬರುತ್ತದೆ. ಇಲ್ಲಿ ಪೊಟ್ಟಣಗಟ್ಟಲೆ ಬರುತ್ತದೆ. ಶೆಟ್ರು ಬಿಳಿ ಕಾಗದ ಹಾಸಿ ಒಂದು ಪೊಟ್ಟಣ ಸುರಿದರು. "ಮೊದ್ಲು ಮೂರು ಗುಡ್ಡೆ ಮಾಡಮ್ಮ. ಒಳ್ಳೇದು, ಮಧ್ಯಮ, ಉಳಿದಿದ್ದು. ಆಮೇಲೆ ಒಂದೊಂದು ಗುಡ್ಡೇನೂ ಮತ್ತೆ ಮೂರು ಮಾಡು."

"ಲೂಪ್ ಹಾಕ್ಲಾ ಸರ್?"

"ಈಗ್ಲೇ ಬೇಡ. ಮೊದ್ಲು ಬಣ್ಣ."

ಬಣ್ಣ ನೋಡಲು ಬೆಳಕು ಸರಿಯಿರಬೇಕು. ಹಳದಿ ಬಲ್ಬಿನ ಕೆಳಗೆ ಮಾಣಿಕ್ಯ ಇನ್ನೂ ಕೆಂಪಾಗುತ್ತದೆ, ನೀಲ ಕಪ್ಪಿಡುತ್ತದೆ. ಅದಕ್ಕೇ ಶೆಟ್ರು ಯಾವ ಕಲ್ಲನ್ನೇ ಆಗಲಿ ಒಮ್ಮೆ ಬಾಗಿಲ ಬಳಿ ತಂದು ನೋಡದೆ ರೇಟು ಹೇಳುತ್ತಿರಲಿಲ್ಲ. ಆಷಾಢದ ಮೋಡ ಕವಿದ ಮಧ್ಯಾಹ್ನಗಳಲ್ಲಿ ಎಷ್ಟೋ ಸಲ ಪೊಟ್ಟಣ ಮಡಚಿ "ನಾಳೆ ಬೆಳಿಗ್ಗೆ ನೋಡೋಣ" ಅಂದುಬಿಡುತ್ತಿದ್ದರು. ಎದುರಿಗೆ ದಲ್ಲಾಳಿ ಕೂತಿದ್ದರೂ ಸರಿ.

ಕಲ್ಲಿನ ಹೊಟ್ಟೆ ನೋಡುವುದನ್ನು ಕಲಿಸಿದ್ದೂ ಅವರೇ. ನೀಲದಂಥ ಕಲ್ಲನ್ನು ಕತ್ತರಿಸುವಾಗ ತೂಕ ಉಳಿಸಲು ಕೆಳಭಾಗವನ್ನು ದಪ್ಪಗೆ ಬಿಡುತ್ತಾರೆ. ಉಂಗುರದಲ್ಲಿ ಕೂರಿಸಿದ ಮೇಲೆ ಆ ಹೊಟ್ಟೆ ಯಾರಿಗೂ ಕಾಣುವುದಿಲ್ಲ, ದುಡ್ಡು ಮಾತ್ರ ಅದಕ್ಕೂ ಕೊಟ್ಟಿರುತ್ತೇವೆ. ತೀರಾ ತೆಳ್ಳಗೆ ಕತ್ತರಿಸಿದರೆ ಇನ್ನೊಂದು ತೊಂದರೆ. ನಡುವೆ ಕಿಟಕಿ ಬೀಳುತ್ತದೆ, ಕೆಳಗಿನ ಕಾಗದದ ಅಕ್ಷರ ಹರಳಿನ ಮೂಲಕ ಓದಬಹುದು. ಬೆಳಕು ತಿರುಗಿ ಮೇಲೆ ಬರದೆ ಸೋರಿಹೋಗುತ್ತದೆ.

ಬೆಲೆ ಕ್ಯಾರೆಟ್ ಲೆಕ್ಕದಲ್ಲಿ. ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ, ಅದರಲ್ಲಿ ನೂರು ಸೆಂಟ್. ಕಲ್ಲು ದೊಡ್ಡದಾದಷ್ಟೂ ಕ್ಯಾರೆಟ್‌ನ ದರವೇ ಏರುತ್ತದೆ. ಹಾಗಾಗಿ ಒಂದೇ ಗುಣದ 2 ಕ್ಯಾರೆಟ್‌ನ ಒಂದು ಮಾಣಿಕ್ಯಕ್ಕೆ 1 ಕ್ಯಾರೆಟ್‌ನ ಎರಡಕ್ಕಿಂತ ಜಾಸ್ತಿ ಬೆಲೆ. ಉಂಗುರದ ಕಲ್ಲನ್ನು ಕೆಲವರು ಇನ್ನೂ ರತ್ತಿಯಲ್ಲಿ ಕೇಳುತ್ತಾರೆ. ರತ್ತಿಯ ಲೆಕ್ಕ ಎಲ್ಲ ಕಡೆ ಒಂದೇ ಇಲ್ಲ. ಅದಕ್ಕೆ ಗ್ರಾಂ ಅಥವಾ ಕ್ಯಾರೆಟ್‌ನಲ್ಲೇ ಬರೆಸಿಕೊಳ್ಳಿ. ವ್ಯಾಪಾರಿಗಳ ನಡುವೆ ಮಾಲು ಓಡಾಡುವುದು ಜಾಂಗಡ್ ಮೇಲೆ. ಒಂದು ಚೀಟಿ ಬರೆದು ಪೊಟ್ಟಣ ಕೊಟ್ಟುಕಳಿಸುತ್ತಾರೆ. ಮಾರಿದರೆ ದುಡ್ಡು, ಇಲ್ಲದಿದ್ದರೆ ಮಾಲು ವಾಪಸ್. ಲಕ್ಷಗಟ್ಟಲೆ ಬೆಲೆಯ ಕಲ್ಲು ಹೀಗೆ ಅವೆನ್ಯೂ ರಸ್ತೆಯ ಗದ್ದಲದಲ್ಲಿ ಒಬ್ಬರ ಜೇಬಿನಲ್ಲಿ ದಾಟಿಹೋಗುತ್ತದೆ. ಮಾತು ತಪ್ಪಿದವನಿಗೆ ಮತ್ತೆ ಯಾರೂ ಪೊಟ್ಟಣ ಕೊಡುವುದಿಲ್ಲ.

ಒಮ್ಮೆ ವಯಸ್ಸಾದ ದಂಪತಿ ಏಳು ಕಲ್ಲಿನ ವಜ್ರದ ಓಲೆ ತಂದರು. "ನಮ್ಮತ್ತೆಯವರದು, ಬ್ಲೂ ಜಾಗರ್ ಅಂತಿದ್ರು" ಅಂದರು ಆ ಅಮ್ಮ. ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೇನ್ ಗಣಿಯಿಂದ ಬಂದ ಹೆಸರು ಅದು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಈಗಲೂ ಬಳಕೆಯಲ್ಲಿದೆ. ನೀಲಿ ಛಾಯೆಯ ಬಿಳಿ ವಜ್ರಕ್ಕೆ ಹಾಗನ್ನುತ್ತಾರೆ. ಅಂಗಡಿಯ ದೀಪ ಆರಿಸಿ ಅತಿನೇರಳೆ ಟಾರ್ಚ್ ಹಿಡಿದೆ. ಏಳರಲ್ಲಿ ಆರು ಕಲ್ಲು ನೀಲಿಯಾಗಿ ಹೊತ್ತಿಕೊಂಡವು, ಒಂದು ಕತ್ತಲಾಗೇ ಉಳಿಯಿತು. ಆ ಒಂದನ್ನು ಯಾವಾಗಲೋ ಬದಲಿಸಿದಂತಿತ್ತು. ಅಮ್ಮನಿಗೆ ನೆನಪಾಯಿತು: ಮಗಳ ಮದುವೆಯ ಮುಂಚೆ ಒಂದು ಕಲ್ಲು ಬಿದ್ದುಹೋಗಿ ಹೊಸದು ಹಾಕಿಸಿದ್ದರಂತೆ. ಅದೂ ವಜ್ರವೇ, ಬೇರೆ ವಜ್ರ. ಹಿಂದೆ ಮುಚ್ಚಿ ಕೂರಿಸಿದ ಹಳೆಯ ಒಡವೆಯಲ್ಲಿ ಹರಳಿನ ಕೆಳಭಾಗ ಕಾಣುವುದಿಲ್ಲ, ನೀರಿನಲ್ಲಿ ತೂಗುವಂತೆಯೂ ಇಲ್ಲ. ಹಾಗಾಗಿ ಹೇಳಬಹುದಾದದ್ದಕ್ಕೆ ಮಿತಿ ಇರುತ್ತದೆ, ಆ ಮಿತಿಯನ್ನೂ ಹೇಳಿಬಿಡಬೇಕು.

ಈಗಿನ ದೊಡ್ಡ ಸವಾಲು ಲ್ಯಾಬ್‌ನಲ್ಲಿ ಬೆಳೆಸಿದ ವಜ್ರ. ಅಂಗಡಿಗಳಲ್ಲಿ ಪೆನ್ನಿನ ಹಾಗಿರುವ ಟೆಸ್ಟರ್ ಇರುತ್ತದಲ್ಲ, ಅದು ಶಾಖ ಎಷ್ಟು ಬೇಗ ಹರಿಯುತ್ತದೆ ಅಂತ ನೋಡುತ್ತದೆ. ಲ್ಯಾಬ್ ವಜ್ರ ತಾಗಿಸಿದರೆ ‘ವಜ್ರ’ ಅಂತಲೇ ಕೂಗುತ್ತದೆ, ಅದೂ ಇಂಗಾಲವೇ, ಅದೇ ಜೋಡಣೆಯೇ. ವಜ್ರದ ಹಾಗೆ ಕಾಣುವ ಮೊಯ್ಸನೈಟ್ ಅನ್ನುವ ಬೇರೆ ಕಲ್ಲಿಗೂ ಎಷ್ಟೋ ಟೆಸ್ಟರ್ ಕೂಗುತ್ತವೆ, ಆದರೆ ಅದನ್ನು ಲೂಪ್‌ನಲ್ಲೇ ಹಿಡಿಯಬಹುದು. ಓರೆಯಾಗಿ ನೋಡಿದರೆ ಹಿಂದಿನ ಅಂಚುಗಳು ಜೋಡಿಜೋಡಿಯಾಗಿ ಕಾಣುತ್ತವೆ. ಲ್ಯಾಬ್ ವಜ್ರವನ್ನು ಹೀಗೆ ಅಂಗಡಿಯಲ್ಲಿ ಕೂತು ಹೇಳಲು ಹೋಗಬಾರದು. ಅದಕ್ಕೆ ಯಂತ್ರಗಳಿರುವ ಲ್ಯಾಬ್ ಬೇಕು. ನೈಸರ್ಗಿಕ ವಜ್ರಗಳಲ್ಲಿ ಬಹುಪಾಲಿನಲ್ಲಿ ಸಾರಜನಕ ಗುಂಪುಗುಂಪಾಗಿ ಸೇರಿರುತ್ತದೆ, ಅದಕ್ಕೆ ಬಹಳ ದೀರ್ಘ ಕಾಲ ಬೇಕು. ಯಂತ್ರ ಹುಡುಕುವುದು ಇಂಥ ಗುರುತುಗಳನ್ನು.

ಜ್ಯೋತಿಷ್ಯಕ್ಕೆ ಕಲ್ಲು ಕೊಳ್ಳಲು ಬರುವವರ ಜೊತೆ ನಾನು ನಂಬಿಕೆಯ ಚರ್ಚೆ ಮಾಡುವುದಿಲ್ಲ. ಸಾಲ ಮಾಡಿ ನೀಲ ಕೊಳ್ಳಲು ಬಂದ ಆಟೋ ಚಾಲಕರೊಬ್ಬರಿಗೆ ಶೆಟ್ರು "ಸಾಲ ತೀರ್ಸಿ ಬಾಪ್ಪ, ಕಲ್ಲು ಎಲ್ಲೂ ಹೋಗಲ್ಲ" ಅಂತ ಹೇಳಿ ಕಳಿಸಿದ್ದನ್ನು ನೋಡಿದ್ದೇನೆ. ಆ ದಿನ ಅವರ ಮೇಲಿನ ಗೌರವ ಇನ್ನಷ್ಟು ಜಾಸ್ತಿಯಾಯಿತು.

ಈಗ ನಾನು ಬರೆಯುವ ಬಿಲ್ಲುಗಳಲ್ಲಿ ಕಲ್ಲಿಗೆ ಪ್ರತ್ಯೇಕ ಸಾಲುಗಳಿವೆ: ಹೆಸರು, ನೈಸರ್ಗಿಕವೋ ಕೃತಕವೋ, ಏನು ಸಂಸ್ಕಾರ, ಎಷ್ಟು ಕ್ಯಾರೆಟ್, ಕ್ಯಾರೆಟ್‌ಗೆ ಎಷ್ಟು. ಚಿನ್ನದ ತೂಕ ಕಲ್ಲು ಕಳೆದು. ನೀವು ಎಲ್ಲೇ ಕೊಂಡರೂ ಇದನ್ನು ಕೇಳಿ, ಕೇಳುವ ಹಕ್ಕು ನಿಮ್ಮದು.

ಕಲಿಯಬೇಕು ಅನ್ನುವವರು ನನ್ನನ್ನು ಯಾವ ಕೋರ್ಸ್ ಅಂತ ಕೇಳುತ್ತಾರೆ. ಸೇರುವ ಮುಂಚೆ ಒಂದು ವಿಷಯ ವಿಚಾರಿಸಿ: ನಿಜವಾದ ಹರಳುಗಳನ್ನು ಕೈಗೆ ಎಷ್ಟು ಕೊಡುತ್ತಾರೆ, ಉಪಕರಣದ ಮುಂದೆ ಎಷ್ಟು ಹೊತ್ತು ಕೂರಿಸುತ್ತಾರೆ. ಪಟ ತೋರಿಸಿ ಪಾಠ ಮಾಡುವ ಕಡೆ ಹೋಗಬೇಡಿ. ಅಲ್ಲಿಯತನಕ ಒಂದು ಒಳ್ಳೆಯ ಹತ್ತು ಪಟ್ಟಿನ ಲೂಪ್ ಕೊಳ್ಳಿ, ‘ಟ್ರಿಪ್ಲೆಟ್’ ಅಂತ ಕೇಳಿ. ಮೂರು ಮಸೂರ ಸೇರಿಸಿದ್ದು, ಅಂಚಿನಲ್ಲಿ ಬಣ್ಣ ಒಡೆಯುವುದಿಲ್ಲ. ಮೂವತ್ತು ಪಟ್ಟು ಅಂತ ಬರೆದಿರುವ ಅಗ್ಗದ್ದನ್ನು ಕೊಳ್ಳಬೇಡಿ. ಮನೆಯಲ್ಲಿರುವ ಒಡವೆಗಳನ್ನು ಒರೆಸಿ, ಒಂದೊಂದಾಗಿ ನೋಡಿ, ಕಂಡದ್ದನ್ನು ಬರೆದಿಡಿ. ಹೆಸರು ಬರೆಯುವ ಜಾಗ ಸದ್ಯಕ್ಕೆ ಖಾಲಿ ಇರಲಿ.